ಚಪ್ಪಡಿಯ ಮೇಲಿನ ಏಳನೆಯ ಕಲ್ಲು

ಸುಣ್ಣನಾಳದ ಗುಡ್ಡವನ್ನು ಒಂದು ಸುತ್ತು ಹಾಕಬೇಕೆಂದರೆ ನಾಲ್ಕೂವರೆ ತಾಸು ಹೊತ್ತು, ಎರಡು ಬಾಟಲಿ ನೀರು, ಮೂರು ರೊಟ್ಟಿ ಮತ್ತು ಚಪ್ಪಲಿಯ ಆಯುಷ್ಯದಲ್ಲಿ ಒಂದು ತಿಂಗಳು ಬೇಕು. ಸುತ್ತು ತೋರಿಸುವ ರೂಪಾ ಇದಕ್ಕೆ ತಲೆಗೆ ನೂರಿಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಅದರಲ್ಲೇ ಬಂತು.

ಅರವತ್ತೆರಡು ವರ್ಷದ ಶಾಮೀದಸಾಬರ ಮೊಣಕಾಲು ಮಾತ್ರ ಈ ದರಕ್ಕೆ ಒಪ್ಪಲಿಲ್ಲ. ಅರ್ಧ ಸುತ್ತಿಗೇ ಅದು ತನ್ನ ಪಾಲನ್ನು ಕೇಳತೊಡಗಿತ್ತು.

"ಇನ್ನ ಎಷ್ಟ ಐತಿ ಯವ್ವಾ?"

"ಬಂತು ಚಾಚಾ. ಅಲ್ಲೇ ಕಾಣಸ್ತೈತಲ್ಲ."

"ಒಂದ ತಾಸಿನಿಂದ ಅದು ಅಲ್ಲೇ ಕಾಣಸಾಕತ್ತೈತಿ."

ರೂಪಾ ನಕ್ಕಳು. ಭಾನುವಾರದಿಂದೀಚೆಗೆ ಅವಳು ನಕ್ಕಿದ್ದು ಇದೇ ಮೊದಲು. ಇವತ್ತು ಗುರುವಾರ.

ಭಾನುವಾರ ಅವಳು ಕರೆದುಕೊಂಡು ಬಂದ ಐದು ಜನರಲ್ಲಿ ಒಬ್ಬರು ಈ ಗುಡ್ಡದಲ್ಲೇ ಮಾಯವಾಗಿದ್ದರು. ಸರ್ವೆ ಇಲಾಖೆಯಿಂದ ನಿವೃತ್ತರಾದ ಗೋವಿಂದರಾಜರು. ಅವರ ಊರುಗೋಲು ಎತ್ತರದ ಬಂಡೆಯೊಂದರ ಕೆಳಗೆ ಹೊಳೆಯ ಮಡುವಿನಲ್ಲಿ ತೇಲುತ್ತಿತ್ತು. ಹೆಣ ಸಿಕ್ಕಿರಲಿಲ್ಲ. ನಾಳೆ ಹನ್ನೊಂದು ಗಂಟೆಗೆ ರೂಪಾ ಠಾಣೆಗೆ ಹೋಗಬೇಕು. ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣಳಾದವಳೆಂದು ಅವಳ ಹೆಸರು ಬರೆಯುತ್ತಾರೆ.

ಶಾಮೀದಸಾಬರು ಪೊಲೀಸರಲ್ಲ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಕಳೆದುಹೋದ ಗಂಟು, ಓಡಿಹೋದ ಮಗಳು, ಬದಲಾದ ಟ್ರಂಕು ಹೀಗೆ ಏನಿದ್ದರೂ ಹುಡುಕಿಸಲು ಜನ ಅವರ ಹತ್ತಿರ ಬರುತ್ತಲೇ ಇದ್ದರು. ಇಪ್ಪತ್ತಾರು ವರ್ಷದ ರೂಪಾ ಕೂಡ ಹಾಗೇ ಬಂದಿದ್ದಳು.

ಸುಣ್ಣನಾಳದ ಸುತ್ತು ಊರಿನ ಬೇವಿನ ಕಟ್ಟೆಯಿಂದ ಶುರುವಾಗುತ್ತದೆ. ಹಳ್ಳದ ಗುಂಟ ಮೇಲೇರಿ, ಕಾರೆ ಕವಳಿಯ ಮುಳ್ಳಡವಿ ಹಾಯ್ದರೆ ಎರಡು ಗುಡ್ಡಗಳ ನಡುವಿನ ಈ ಕೊರಕಲು. ಇಲ್ಲಿಂದ ಮುಂದೆ ಸುಣ್ಣಗಲ್ಲಿನ ಎತ್ತರದ ಬಂಡೆಯ ಅಂಚು. ಊರವರು ಅದನ್ನು ಬಿಳಿಗ್ವಾಡಿ ಎನ್ನುತ್ತಾರೆ. ಅದರ ಪಕ್ಕದಿಂದ ಇಳಿದು ಹೊಳೆಯ ದಂಡೆ ಹಿಡಿದರೆ ಮತ್ತೆ ಬೇವಿನ ಕಟ್ಟೆ. ಸುತ್ತುವಾಗ ಗುಡ್ಡ ಯಾವಾಗಲೂ ಬಲಕ್ಕಿರಬೇಕು. ಎಡಕ್ಕೆ ಹಾಕಿಕೊಂಡು ಯಾರೂ ಸುತ್ತುವುದಿಲ್ಲ.

ಕೊರಕಲಿನಲ್ಲಿ ತೊಡೆಯೆತ್ತರದ ಕಲ್ಲಿನ ಗುಡ್ಡೆಯೊಂದಿದೆ. ಹಳ್ಳ ದಾಟುವಾಗ ಒಂದು ಕಲ್ಲು ಆರಿಸಿಕೊಂಡು ತಂದು ಇದರ ಮೇಲೆ ಇಟ್ಟು ಹೋಗಬೇಕು. ಯಾಕೆಂದು ಕೇಳಿದರೆ ಊರಲ್ಲಿ ಯಾರಿಗೂ ಗೊತ್ತಿಲ್ಲ. ಇಡದೆ ದಾಟಿದವರೂ ಇಲ್ಲ.

"ಈ ಚಪ್ಪಡಿ ನಾನ ಹಾಕಿಸೀನಿ ಚಾಚಾ," ಎಂದಳು ರೂಪಾ, ಗುಡ್ಡೆಯ ನೆತ್ತಿಯ ಮೇಲಿನ ಅಗಲ ಕಲ್ಲು ತೋರಿಸುತ್ತ. "ಶನಿವಾರ ಸಂಜಿಕ್ಕ ಬಂದು ದಾರಿ ಮುಳ್ಳು ಸವರಿ, ಇದನ್ನ ಖಾಲಿ ಮಾಡಿ ಹೋಗ್ತೀನಿ. ಭಾನುವಾರ ಬಂದವರು ಇದರ ಮ್ಯಾಲ ಇಡ್ತಾರ. ಎಷ್ಟ ಕಲ್ಲೋ ಅಷ್ಟ ಮಂದಿ."

"ಭಾನುವಾರ ಎಣಿಸಿದ್ದೇನು?"

"ಎಣಿಸಿದ್ದೆ. ಮುಂದ ಇಬ್ಬರು ಫೋಟೋ ತೆಗೀಲಿಕ್ಕೆ ಬಿಳಿಗ್ವಾಡಿಗೆ ಓಡಿದ್ರು. ಉಳದವರು ಅಡವ್ಯಾಗ ಹಿಂದ ಮುಂದ ಆಗಿದ್ರು. ನಾ ನನ್ನ ಕಲ್ಲು ಇಟ್ಟು ಎಣಿಸಿದೆ. ಆರು. ಐದು ಮಂದಿ, ನಾ ಒಬ್ಬಾಕಿ. ಎಲ್ಲಾರೂ ದಾಟಿದ್ರು ಅಂತ ಮುಂದ ನಡದೆ."

"ಈಗ ಎಣಿಸು."

ರೂಪಾ ಬೆರಳು ಮಾಡಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಏಳು!"

"ಭಾನುವಾರದಿಂದ ಈಚೀಗೆ ಯಾರರ ಬಂದಿದ್ರೇನು?"

"ಇಲ್ಲ ಚಾಚಾ. ಹುಡುಕೋ ಮಂದಿ ಜೀಪಿನ್ಯಾಗ ಹೊಳಿ ದಂಡಿಗೆ ಹೋದ್ರು. ಈ ಕಡಿ ಹಗ್ಗ ಕಟ್ಟಿ ದಾರಿ ಬಂದ ಮಾಡ್ಯಾರ. ಕುರಿ ಎಲ್ಲಾ ಕೆಳಗ ಹೊಲದಾಗ ಅದಾವ."

ಎಲ್ಲಕ್ಕಿಂತ ಮೇಲಿನ ಕಲ್ಲಿನ ಮೇಲೆ ಕೆಂಪು ಪೆನ್ಸಿಲಿನಿಂದ '೧೯' ಎಂದು ಬರೆದಿತ್ತು.

"ಇದು ಗೋವಿಂದರಾಜ ಸರ್ ಕಲ್ಲು," ಎಂದಳು ರೂಪಾ. "ಎಷ್ಟನೇ ಸುತ್ತು ಅಂತ ಪ್ರತಿ ಸಲ ಬರದ ಇಡ್ತಾರ. ಈ ಸುತ್ತಿನ ನಕ್ಷಿ ಮಾಡಾಕತ್ತಿದ್ರು."

"ಎಲ್ಲಾದರ ಮ್ಯಾಲ ಐತಂದ್ರ ಅವರು ಎಲ್ಲಾರಿಗಿಂತ ಕಡೀಗೆ ಬಂದ್ರು. ನೀ ಹ್ವಾದ ಮ್ಯಾಲ."

ರೂಪಾ ತಿರುಗಿ ಚಪ್ಪಡಿ ನೋಡಿದಳು. "ಹಂಗಾರ ನಾ ಎಣಿಸಿದ ಆರನೇದ್ದು ಯಾರದು?"

ಶಾಮೀದಸಾಬರು ಒಂದೊಂದೇ ಕಲ್ಲು ಎತ್ತಿ ಪಕ್ಕಕ್ಕಿಟ್ಟರು. ಆರು ಕಲ್ಲು ಹಳ್ಳದಲ್ಲಿ ಉರುಳಿ ಉರುಳಿ ನುಣುಪಾದವು, ಕೋಳಿಮೊಟ್ಟೆಯಂಥವು. ಎಲ್ಲಕ್ಕಿಂತ ಕೆಳಗಿನದು ಬೇರೆ. ಬಿಳಿ, ಚೂಪು ಅಂಚು, ಹೊಸದಾಗಿ ಒಡೆದದ್ದು.

ಅವರು ಬುತ್ತಿ ಬಿಚ್ಚಿದರು. ಹೆಂಡತಿ ಸರ್ದಾರಬೀ ಉಳ್ಳಾಗಡ್ಡಿಯ ಜೊತೆ ಅರ್ಧ ನಿಂಬೆಹಣ್ಣು ಇಟ್ಟಿದ್ದಳು.

"ಈಗ ಉಣ್ತೀರೇನು?" ಎಂದಳು ರೂಪಾ, ಅಳು ಬರುವಂತಾಗಿ.

"ತಡಿ ಬೇಟಿ."

ಬಿಳಿ ಕಲ್ಲನ್ನು ಚಾಕುವಿನಿಂದ ಕೆರೆದು, ಪುಡಿಯ ಮೇಲೆ ನಿಂಬೆರಸ ಹಿಂಡಿದರು. ಸಣ್ಣಗೆ ನೊರೆ ಎದ್ದಿತು. ಹಳ್ಳದ ಕಲ್ಲನ್ನೂ ಕೆರೆದು ಹಿಂಡಿದರು. ಅದು ಸುಮ್ಮನೆ ಒದ್ದೆಯಾಯಿತು.

"ನಮ್ಮವ್ವ ಸುಣ್ಣದ ಬಟ್ಟಿ ಹಾಕತಿದ್ಲು. ಕಲ್ಲು ಕೊಳ್ಳೋ ಮುಂದ ಹಿಂಗ ನೋಡತಿದ್ಲು. ಇದು ಬಿಳಿಗ್ವಾಡಿ ಕಲ್ಲು."

"ಬಿಳಿಗ್ವಾಡಿ ಇನ್ನ ಮುಂದ ಐತಲ್ಲ ಚಾಚಾ. ಇಲ್ಲಿ ದಾಟಿದ ಮ್ಯಾಲ ಬರ್ತೈತಿ."

"ಅದಕ್ಕ ನೋಡು. ಇದನ್ನ ಇಟ್ಟಂವ ಹಳ್ಳದ ಕಡಿಯಿಂದ ಬಂದಿಲ್ಲ. ಗುಡ್ಡ ಎಡಕ್ಕ ಹಾಕ್ಕೊಂಡು ಹಿಂದಿನ ದಾರಿಲೆ ಬಂದಾನ. ಎಲ್ಲಾದರ ಕೆಳಗ ಐತಿ, ಅಂದ್ರ ನಿಮಗಿಂತ ಮೊದಲ ಬಂದಾನ. ಕದ್ದು ಬಂದ್ರೂ ಕಲ್ಲು ಇಡೋದು ಬಿಟ್ಟಿಲ್ಲ. ಹೊರಗಿನವರಿಗೆ ಈ ಪದ್ಧತಿ ಎಲ್ಲಿಂದ ಗೊತ್ತಿರಬೇಕು?"

ರೂಪಾ ಕಲ್ಲಿನ ಮೇಲೆ ಕೂತಳು. "ಅವನ ಕಲ್ಲು ಸೇರಿಸಿ ನಾ ಆರ ಎಣಿಸಿದೆ. ಸರ್ ಇನ್ನ ಅಡವ್ಯಾಗ ಇದ್ರು. ನಾ ಬಿಟ್ಟು ಹ್ವಾದೆ. ಕಲ್ಲು ಎಣಿಸಿದೆ, ಮಾರಿ ನೋಡಲಿಲ್ಲ."

ಶಾಮೀದಸಾಬರು ಚಾಕು ಒರೆಸಿ ಮಡಚಿದರು.

"ನಾ ಒಮ್ಮೆ ಹಿಟ್ನಾಳದಾಗ ಒಬ್ಬಾಕಿ ಮುದುಕೀನ ಬಿಟ್ಟು ಬಂದಿದ್ದೆ. ಟಿಕೆಟ್ ಎಣಿಸಿದೆ, ಬರೋಬರಿ ಇತ್ತು. ಆಕಿ ಸೀಟಿನ್ಯಾಗ ಇನ್ನೊಬ್ಬಂವ ಟಿಕೆಟ್ ಇಲ್ದ ಕೂತಿದ್ದ. ಮರುದಿನ ಅದ ಬಸ್ಸಿಗೆ ಆಕಿ ಬಂದು ಎಲ್ಲಾರ ಮುಂದ ಬೈದ್ಲು. ಆಮ್ಯಾಲ ಒಂದು ಪೇರಲಹಣ್ಣು ಕೊಟ್ಲು."

"ನಂಗ ಬೈಯ್ಯಾಕ ಸರ್ ಬರಬೇಕಲ್ಲ ಚಾಚಾ."

ಶಾಮೀದಸಾಬರು ಚಪ್ಪಡಿಯ ಮೇಲೆ ಬಗ್ಗಿದರು. ಬಿಳಿ ಕಲ್ಲು ಇದ್ದ ಜಾಗದಲ್ಲಿ ಏನೋ ಅಂಟಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು. ತಂಗಡಿ ಗಿಡದ ಒಂದು ಸಣ್ಣ ಟೊಂಗೆ. ಒಣಗಿ ಚಪ್ಪಟೆಯಾಗಿತ್ತು. ಹಳದಿ ಹೂ ಇನ್ನೂ ಬಣ್ಣ ಬಿಟ್ಟಿರಲಿಲ್ಲ. ಉಳಿದ ಆರು ಕಲ್ಲಿನ ಕೆಳಗೆ ಇಂಥದು ಯಾವುದೂ ಇರಲಿಲ್ಲ.

ಆರು ಕಲ್ಲುಗಳನ್ನು ಮೊದಲಿನಂತೆ ಇಟ್ಟು, ತಮ್ಮಿಬ್ಬರ ಕಲ್ಲನ್ನೂ ಸೇರಿಸಿದರು. ಬಿಳಿ ಕಲ್ಲು, ಒಣಗಿದ ಟೊಂಗೆ ಶಾಮೀದಸಾಬರ ಚೀಲ ಸೇರಿದವು.

ಕೆಳಗಿನಿಂದ ಏದುಸಿರು ಕೇಳಿಸಿತು. ಹೆಗಲ ಮೇಲೆ ಹಾರೆ ಹೊತ್ತು ವಿರುಪಣ್ಣ ಬರುತ್ತಿದ್ದ. ಹೊಳೆದಂಡೆಯಲ್ಲಿ ಅವನದು ಆರು ಎಕರೆ ಹೊಲ. ರೂಪಾಳ ಜೊತೆ ಬಂದವರಿಗೆ ರೊಟ್ಟಿ ಮಾಡಿಕೊಡುವವಳು ಅವನ ಹೆಂಡತಿ ಮುದಕಮ್ಮ. ಬಂಡೆ ಸರಿಸಿ ಹುಡುಕಬೇಕಾದೀತೆಂದು ಬೆಳಿಗ್ಗೆ ಶಾಮೀದಸಾಬರು ಅವನ ಮನೆಗೇ ಹೋಗಿ, ಮೇಲೆ ಒಂದು ಕಲ್ಲಿನ ಕೆಲಸ ಐತಿ, ಕೈ ಹಚ್ಚಾಕ ಬಾ ಎಂದು ಕರೆದಿದ್ದರು. ಆಗ ಮುದಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಬುಟ್ಟಿಯಲ್ಲಿ ಹದಿನೈದಕ್ಕೆ ಕಡಿಮೆ ಇರಲಿಲ್ಲ. ಮನೆಯಲ್ಲಿ ಉಣ್ಣುವವರು ಮೂವರು. ಇವತ್ತು ಸುತ್ತಿಗೆ ಯಾರೂ ಬರುವವರಿರಲಿಲ್ಲ. ಕೈಗೆ ರೂಢಿಯಾದದ್ದು ಎಂದುಕೊಂಡು ಶಾಮೀದಸಾಬರು ಸುಮ್ಮನಾಗಿದ್ದರು.

"ಎಲ್ಲಿ ಸಾಬ್ರ ಕಲ್ಲು? ನಾ ಏನ ದೊಡ್ಡ ಬಂಡಿಗಲ್ಲು ಅಂತ ಹಾರಿ ಹೊತ್ತು ಬಂದೆ. ಇಷ್ಟ ದೂರ ಹತ್ತಿಸಿದ್ರಿ, ಚಾ ಆದ್ರೂ ಕುಡಿಸ್ತೀರೋ ಇಲ್ಲೋ?" ಎನ್ನುತ್ತಲೇ ವಿರುಪಣ್ಣ ಜೇಬಿನಿಂದ ಹಳ್ಳದ ಕಲ್ಲು ತೆಗೆದ. ಪಕ್ಕದ ತಂಗಡಿ ಗಿಡದಿಂದ ನೋಡದೆಯೇ ಒಂದು ಟೊಂಗೆ ಮುರಿದ. ಚಪ್ಪಡಿಯ ಮೇಲೆ ಟೊಂಗೆ ಇಟ್ಟು ಅದರ ಮೇಲೆ ಕಲ್ಲಿಟ್ಟ. ಇಷ್ಟಾದರೂ ಅವನ ಮಾತು ಚಹಾದ ಮೇಲೇ ಇತ್ತು.

ರೂಪಾ ಬಾಯಿ ತೆರೆದಳು. ಶಾಮೀದಸಾಬರು ಕಣ್ಣಿನಲ್ಲೇ ತಡೆದರು.

"ಛಲೋ ಪದ್ಧತಿ ಐತಲ್ಲಪಾ. ಎಲಿ ಯಾಕ?"

"ಅದು ನಮ್ಮ ಮನ್ಯಾಗಿಂದ್ರಿ. ಕಲ್ಲಿಗೆ ಕಲ್ಲು ತಾಗಬಾರದು ಅಂತ ನಮ್ಮಜ್ಜ ಹೇಳತಿದ್ದ."

"ಊರಾಗ ಎಲ್ಲಾರೂ ಇಡ್ತಾರೇನು?"

"ಏ ಇಲ್ರಿ, ನಾವ ಅಷ್ಟ. ಮೊದಲ ನಮ್ಮವ್ವ ಇಡತಿದ್ಲು. ಎರಡ ವರ್ಷ ಆತು, ಆಕಿ ಈಗ ಹೊಸ್ತಿಲಾನೂ ದಾಟಂಗಿಲ್ಲ. ಈಗ ನಾನು, ನನ್ನ ಹೇಣ್ತಿ, ಇಬ್ಬರ."

"ಭಾನುವಾರ ಮುಂಜಾನೆ ಎಲ್ಲಿದ್ದಿ ವಿರುಪಣ್ಣ?"

"ಯಲಬುರ್ಗಾಕ್ಕ ಹೋಗಿದ್ದೆ."

"ಯಾವ ಬಸ್ಸಿಗೆ?"

"ಅದ, ಆರೂವರಿ ಬಸ್ಸಿಗೆ."

"ಭಾನುವಾರ ಆರೂವರಿ ಬಸ್ ಬಿಡಂಗಿಲ್ಲಪಾ. ಹದಿನೆಂಟ ವರ್ಷ ಅದರಾಗ ಟಿಕೆಟ್ ಹರದೀನಿ."

ವಿರುಪಣ್ಣ ನಗಲು ನೋಡಿದ. "ಮತ್ಯಾವದೋ ಇರಬೇಕ್ರಿ. ನೆಪ್ಪಿಲ್ಲ."

ಟಿಕೆಟ್ ತೆಗೆದುಕೊಂಡವನನ್ನು ಕೇಳಿದರೆ ಜೇಬು ಮುಟ್ಟಿಕೊಳ್ಳುತ್ತಾನೆ. ತೆಗೆದುಕೊಳ್ಳದವನು ಕಿಟಕಿಯ ಹೊರಗೆ ನೋಡುತ್ತಾನೆ. ವಿರುಪಣ್ಣ ಈಗ ನೋಡುತ್ತಿದ್ದುದು ಬಿಳಿಗ್ವಾಡಿಯ ಕಡೆ.

ಶಾಮೀದಸಾಬರು ಚೀಲದಿಂದ ಬಿಳಿ ಕಲ್ಲು ತೆಗೆದು ಅವನ ಕಲ್ಲಿನ ಪಕ್ಕದಲ್ಲಿಟ್ಟರು. ಅದರ ಮೇಲೆ ಒಣಗಿದ ಟೊಂಗೆ ಇಟ್ಟರು. ಎರಡೂ ಟೊಂಗೆಗಳು ಒಂದೇ ಅಳತೆಯಲ್ಲಿ, ಎರಡು ಬೆರಳು ಉದ್ದ ಮುರಿದಿದ್ದವು.

"ಇದು ಚಪ್ಪಡಿ ತಳದಾಗ ಇತ್ತು. ಶನಿವಾರ ಸಂಜಿಕ್ಕ ಇರಲಿಲ್ಲ."

ವಿರುಪಣ್ಣ ಕಲ್ಲನ್ನು ನೋಡಿದ. ತನ್ನ ಕೈಯನ್ನು ನೋಡಿಕೊಂಡ, ಅದು ಬೇರೆ ಯಾರದೋ ಎಂಬಂತೆ.

"ಏನಪಾ ಅಣ್ಣಾ," ಎಂದಳು ರೂಪಾ. "ನಾಲ್ಕ ದಿನದಿಂದ ನನ್ನ ಮಾರಿ ನೋಡಾಕತ್ತೀ. ನಾಳಿ ನನ್ನ ಹೆಸರ ಬರೀತಾರ. ಸರ್‌ನ ಏನ ಮಾಡ್ದಿ?"

"ನಾ ಏನೂ ಮಾಡಿಲ್ಲವಾ! ನನ್ನ ಮಕ್ಕಳಾಣಿ!"

"ನಿನಗ ಮಕ್ಕಳ ಎಲ್ಲಿ ಅದಾವ?"

"ಆಗೋ ಮಕ್ಕಳಾಣಿ!"

ಶಾಮೀದಸಾಬರು ನಗು ತಡೆದುಕೊಂಡರು. "ಕುಂದರು. ನೀರ ಕುಡಿ. ಮೊದಲಿಂದ ಹೇಳು."

ವಿರುಪಣ್ಣ ಕೂತ. ಬಿಳಿಗ್ವಾಡಿಯನ್ನು ಒಡೆಯಲು ಹೊರಗಿನ ಕ್ವಾರಿಯವರೊಬ್ಬರು ಬಂದಿದ್ದರು. ಹಳೆಯ ಗ್ರಾಮನಕ್ಷೆಯಲ್ಲಿ ಈ ಸುತ್ತುದಾರಿ ಊರಿನ ದಾರಿಯೆಂದು ಚುಕ್ಕಿ ಹಾಕಿ ತೋರಿಸಿದೆ; ಅದು ಇರುವವರೆಗೆ ಬಂಡೆ ಮುಟ್ಟುವಂತಿಲ್ಲ. ಆ ನಕ್ಷೆಯ ಮೊಹರಿನ ಪ್ರತಿ ಇದ್ದದ್ದು ಗೋವಿಂದರಾಜರ ಹತ್ತಿರ ಮಾತ್ರ. ಅವರು ಅದನ್ನು ಹೆಗಲಚೀಲದಲ್ಲೇ ಒಯ್ಯುತ್ತಾರೆಂದು ಗೊತ್ತಿತ್ತು. ತಂದುಕೊಟ್ಟರೆ ವಿರುಪಣ್ಣನಿಗೆ ಟಿಪ್ಪರ್ ಡ್ರೈವರ್ ಕೆಲಸ.

"ನಸುಕಿನ್ಯಾಗ ಹೊಳಿ ಕಡಿಯಿಂದ ಹತ್ತಿ ಬಂದೆ. ಇಲ್ಲಿ ಅಡವ್ಯಾಗ ಅಡಗಿ ಕೂತೆ. ಸರ್ ಯಾವಾಗಲೂ ಹಿಂದ ಉಳೀತಾರ, ಅಳೀತ ಬರ್ತಾರ. ಅವರು ಕಲ್ಲ ಇಟ್ಟು ಬರ್ಯಾಕ ಬಗ್ಗಿದ್ರು. ಚೀಲ ಕೆಳಗ ಇತ್ತು. ಎತ್ತಿಕೊಂಡು ಓಡಿದೆ."

"ಮತ್ತ ಊರುಗೋಲು?"

"ಬೆನ್ನ ಹತ್ತಿದ್ರು ಸಾಬ್ರ. ಎಪ್ಪತ್ತ ವರ್ಷದವರು, ಏನ ಓಡ್ತಾರಂತೀನಿ! ಬಿಳಿಗ್ವಾಡಿ ಮಟಾ ಬಂದು ಬಡಿಗಿ ಒಗದ್ರು. ನನಗ ಬಡೀಲಿಲ್ಲ, ಕೆಳಗ ಮಡುವಿಗೆ ಬಿತ್ತು. ಹೊಳ್ಳಿ ನೋಡಿದೆ. ಅಲ್ಲೇ ನಿಂತು ನನ್ನ ಹೆಸರ ಹಿಡದು ಬೈಯ್ಯಾಕತ್ತಿದ್ರು. ಜೀವಂತ ಇದ್ರು. ಆಮ್ಯಾಲ ಅವರು ಮನಿಗೆ ಬರಲಿಲ್ಲ ಅಂತ ಕೇಳಿ ನನ್ನ ಎದಿ ಒಡೀತು. ಜಾರಿ ಬಿದ್ರೇನೋ ಅಂತ... ಹೇಳಿದ್ರ ನಾನ ದೂಡಿದೆ ಅಂತಿದ್ರು."

"ಚೀಲ ಎಲ್ಲಿ?"

"ಬಿಳಿಗ್ವಾಡಿ ಸಂದಿನ್ಯಾಗ ಇಟ್ಟೀನಿ."

"ನಡಿ."

ಬಿಳಿ ಕಲ್ಲನ್ನು ಶಾಮೀದಸಾಬರು ಮತ್ತೆ ಚೀಲಕ್ಕೆ ಹಾಕಿಕೊಂಡರು. ಹೊರಡುವ ಮುಂಚೆ ರೂಪಾ ಚಪ್ಪಡಿಯ ಮೇಲಿನ ಕಲ್ಲು ಎಣಿಸಿದಳು. ಹಳೆಯವು ಆರು, ಇವತ್ತಿನವು ಮೂರು. ಒಂಬತ್ತು.

ಬಿಳಿಗ್ವಾಡಿ ಅಲ್ಲಿಂದ ಇಪ್ಪತ್ತು ನಿಮಿಷ. ಮಧ್ಯಾಹ್ನದ ಬಿಸಿಲಿಗೆ ಬಂಡೆ ಕಣ್ಣು ಕುಕ್ಕುತ್ತಿತ್ತು. ಕೆಳಗೆ ಹೊಳೆ ಸೊರಗಿ ಹಸಿರು ದಾರದಂತೆ ಬಾಗಿತ್ತು. ಆಚೆ ದಂಡೆಯ ಬಿಳಿಜೋಳದ ಹೊಲದಲ್ಲಿ ಯಾರೋ ಗಿಳಿ ಓಡಿಸಲು ಡಬ್ಬಿ ಬಡಿಯುತ್ತಿದ್ದರು.

ವಿರುಪಣ್ಣ ಬಂಡೆಯ ಸಂದಿಗೆ ಭುಜದವರೆಗೆ ಕೈ ಹಾಕಿ ಖಾಕಿ ಬಣ್ಣದ ಹೆಗಲಚೀಲ ಎಳೆದ. ಒಳಗೆ ಒಂದು ಅಳತೆಯ ಟೇಪು, ಒಂದು ನೀರಿನ ಬಾಟಲಿ, ಸುತ್ತಲೂ ಅಂಟುಪಟ್ಟಿ ಸುತ್ತಿದ ಉದ್ದ ಕಾಗದದ ಸುರುಳಿ.

"ಬಿಚ್ಚಿ ನೋಡಿಲ್ಲೇನು?"

"ಧೈರ್ಯ ಆಗಲಿಲ್ರಿ. ಸರ್ ಸಿಗಲಿ, ಅವರ ಕೈಯಾಗ ಕೊಡೋಣಂತ ಹಂಗ ಬಿಟ್ಟೆ."

ಶಾಮೀದಸಾಬರು ಚಾಕುವಿನಿಂದ ಪಟ್ಟಿ ಸೀಳಿ ಸುರುಳಿ ಬಿಡಿಸಿದರು. ಬಣ್ಣದ ಅಂಗಡಿಯವರು ಹಂಚಿದ ಹೋದ ವರ್ಷದ ಕ್ಯಾಲೆಂಡರ್. ಜನವರಿಯಿಂದ ಡಿಸೆಂಬರ್‌ವರೆಗೆ ಒಂದು ಹಾಳೆಯೂ ಕಡಿಮೆ ಇರಲಿಲ್ಲ.

ಮೂವರೂ ಅದನ್ನೇ ನೋಡುತ್ತ ನಿಂತರು.

"ಇದಕ್ಕ ಇಷ್ಟ ದೂರ ಓಡಿ ಬಂದ್ಯಾ?" ಎಂದಳು ರೂಪಾ.

"ಯಾರೋ ಕೈ ಹಾಕ್ತಾರ ಅಂತ ಅವರಿಗೆ ಮೊದಲ ಗೊತ್ತಿತ್ತು," ಎಂದರು ಶಾಮೀದಸಾಬರು. "ಖರೇ ನಕ್ಷಿ ಬ್ಯಾರೆ ಕಡಿ ಐತಿ. ಆದ್ರ ಗೊತ್ತಿದ್ದವರು ಮತ್ತ ಇದರ ಬೆನ್ನ ಹತ್ತಿ ಯಾಕ ಓಡಿ ಬಂದ್ರು? ಬಡಿಗಿ ಯಾಕ ಒಗದ್ರು?"

"ಕದ್ದಂವ ಇದ ಖರೇ ನಕ್ಷಿ ಅಂತ ನಂಬಲಿ ಅಂತ ಇರಬೇಕು," ಎಂದಳು ರೂಪಾ.

ಬಂಡೆಯ ಪಕ್ಕದ ಇಳಿಜಾರು ಶಾಮೀದಸಾಬರ ಮೊಣಕಾಲಿಗೆ ಆಗುವಂಥದ್ದಲ್ಲ. ಬಂದ ದಾರಿಯಲ್ಲೇ ತಿರುಗಿದರು. ಕೊರಕಲು ತಲುಪಿದಾಗ ಅವರು ಅಲ್ಲಿಂದ ಹೊರಟು ತಾಸು ಕಳೆದಿತ್ತು.

ರೂಪಾ ರೂಢಿಯಂತೆ ಚಪ್ಪಡಿಯ ಮೇಲೆ ಕಣ್ಣಾಡಿಸಿದಳು. ನಿಂತಳು.

"ಚಾಚಾ. ಹತ್ತು ಅದಾವ."

ಹತ್ತನೆಯದು ಎಲ್ಲಕ್ಕಿಂತ ಮೇಲಿತ್ತು. ಹಳ್ಳದ ನುಣುಪು ಕಲ್ಲು. ಶಾಮೀದಸಾಬರು ಎತ್ತಿಕೊಂಡರು. ತಳ ಇನ್ನೂ ಒದ್ದೆ. ಹಳ್ಳದ ನೀರು ಇಲ್ಲಿಂದ ಹತ್ತು ನಿಮಿಷ ಕೆಳಗೆ. ಬಿಸಿಲಿಗೆ ಮೇಲ್ಮೈ ಮಾತ್ರ ಒಣಗಿತ್ತು. ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬರೆದಿತ್ತು: '೨೦'.

ರೂಪಾ '೧೯'ರ ಕಲ್ಲನ್ನು ತೆಗೆದು ಪಕ್ಕದಲ್ಲಿ ಹಿಡಿದಳು. ಅದೇ ಒತ್ತು, ಅದೇ ಬಾಲ.

"ಸರ್ ಕೈ ಚಾಚಾ! ಸರ್ ಬರದದ್ದು!" ಅವಳು ಅಡವಿಯ ಕಡೆ ತಿರುಗಿ ಕೂಗಿದಳು. "ಸರ್! ಗೋವಿಂದರಾಜ ಸರ್!"

ಗುಡ್ಡ ಅವಳ ದನಿಯನ್ನೇ ಹಿಂದಕ್ಕೆ ಕೊಟ್ಟಿತು. ಒಂದು ಕವುಜಗ ಹಕ್ಕಿ ಮುಳ್ಳಿನಿಂದ ಎದ್ದು ಹಾರಿತು.

"ಬದುಕ್ಯಾರ," ಎಂದ ವಿರುಪಣ್ಣ. ಅವನ ಕಣ್ಣು ತುಂಬಿತ್ತು. "ಸಾಬ್ರ, ಬದುಕ್ಯಾರ. ನಾ ಹೇಳಲಿಲ್ಲೇನು!"

ಶಾಮೀದಸಾಬರು ಅವನನ್ನು ನೋಡಲಿಲ್ಲ. ಕಲ್ಲು ಎತ್ತಿದ ಜಾಗವನ್ನು ನೋಡುತ್ತಿದ್ದರು.

ಅಲ್ಲಿ ತಂಗಡಿಯ ಒಂದು ಟೊಂಗೆ ಇತ್ತು. ಹಸಿಯದು. ಎರಡು ಬೆರಳು ಉದ್ದ.

"ವಿರುಪಣ್ಣ, ನಿನ್ನ ಹೇಣ್ತಿಗೆ ಬರ್ಯಾಕ ಬರ್ತೈತೇನು?"

"ಇಲ್ರಿ. ಆಕಿ ಸಾಲಿ ಮೆಟ್ಟಿಲಾ ಹತ್ತಿಲ್ಲ. ಯಾಕ..."

ಅವನೂ ಟೊಂಗೆಯನ್ನು ಕಂಡಿದ್ದ.

ಬುಟ್ಟಿಯಲ್ಲಿದ್ದ ಹದಿನೈದು ರೊಟ್ಟಿ ಶಾಮೀದಸಾಬರ ಕಣ್ಣ ಮುಂದೆ ಬಂತು. ಅವರು '೨೦'ರ ಕಲ್ಲನ್ನು ವಸ್ತ್ರದಲ್ಲಿ ಸುತ್ತಿ ರೂಪಾಳ ಕೈಗೆ ಕೊಟ್ಟರು.

"ನಾಳಿ ಠಾಣೆಗೆ ಇದನ್ನ ಒಯ್ಯಿ. ಇಂವನ್ನೂ ಕರಕೊಂಡು ಹೋಗೋಣ. ಸತ್ತವರು ಸುತ್ತು ಎಣಿಸಂಗಿಲ್ಲ."

ಹಳ್ಳದ ದಾರಿ ಹಿಡಿದು ಇಳಿದರು. ಬೆಳಿಗ್ಗೆ ಹತ್ತುವಾಗ ರೂಪಾಳ ತಲೆಯ ಮೇಲೆ ಒಂದು ಸಾವಿತ್ತು, ಇಳಿಯುವಾಗ ಅದಿರಲಿಲ್ಲ. ನಕ್ಷೆ ಎಲ್ಲಿದೆಯೋ, ಕ್ವಾರಿಯವರ ಕಣ್ಣು ತಪ್ಪಿಸಿ ಗೋವಿಂದರಾಜರು ಎಲ್ಲಿ ಅಡಗಿದ್ದಾರೋ ಗೊತ್ತಾಗಲಿಲ್ಲ. ಟಿಪ್ಪರ್ ಕೆಲಸ ಹೋಯಿತು, ಅದಕ್ಕೆ ವಿರುಪಣ್ಣ ಅಳಲಿಲ್ಲ. ನಾಲ್ಕು ದಿನದಿಂದ ತಾನು ಯಾರನ್ನು ಕೊಂದೆನೆಂದು ನಿದ್ದೆಗೆಟ್ಟಿದ್ದನೋ ಅವರಿಗೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು, ತನಗೊಂದು ಮಾತು ಹೇಳಿರಲಿಲ್ಲ. ಊರು ಹತ್ತಿರವಾದಂತೆ ಅವನ ಹೆಜ್ಜೆ ನಿಧಾನವಾಯಿತು. ಬೇವಿನ ಕಟ್ಟೆಯ ಹತ್ತಿರ ರೂಪಾ ಹಿಂತಿರುಗಿ, ಈ ಸಲ ಮುಖ ನೋಡಿಯೇ ಎಣಿಸಿದಳು. ಒಬ್ಬ ಕಡಿಮೆ ಇದ್ದ.